ಒಂದು ಸ್ಟಾರಿನ ಸಾಂಬಾರು

ಇವತ್ತಾದರೂ ತಿನ್ನುವವರ ಬಾಯಿ ನೋಡಬಾರದು ಎಂದು ಯೋಗರಾಜ ಬೆಳಗ್ಗೆ ಹೋಟೆಲಿನ ಬಾಗಿಲು ತೆಗೆಯುವಾಗಲೇ ನಿಶ್ಚಯಿಸಿಕೊಂಡಿದ್ದ. ಆದರೆ ಮೊದಲ ಗಿರಾಕಿ, ಹಾಲಿನ ಡೇರಿಯ ಹೂವಪ್ಪ, ಇಡ್ಲಿಯ ತುಂಡೊಂದನ್ನು ಸಾಂಬಾರಿನಲ್ಲಿ ಅದ್ದಿ ಎತ್ತಿದ್ದೇ ತಡ, ಗಲ್ಲಾದ ಮುಂದೆ ಕೂತಿದ್ದವನ ಕಣ್ಣು ತಾನಾಗಿ ಅತ್ತ ಹೋಯಿತು. ಹೂವಪ್ಪ ಅಗಿದ. ನುಂಗಿದ. ಕಿಟಕಿಯಾಚೆ ಕೋಟೆಯ ಕಡೆ ನೋಡಿದ. ಆ ಮುಖದಲ್ಲಿ ಸಂತೋಷವೂ ಇರಲಿಲ್ಲ, ಬೇಸರವೂ ಇರಲಿಲ್ಲ. ಬಿದ್ದ ಹಲ್ಲಿನ ಸಂದಿಗೆ ಇಡ್ಲಿ ಸಿಕ್ಕಿಕೊಳ್ಳದಂತೆ ನೋಡಿಕೊಳ್ಳುವ ಎಚ್ಚರವಷ್ಟೇ ಇತ್ತು. ಎಷ್ಟೋ ವರ್ಷಗಳಿಂದ ಇದೇ ಬೆಂಚಿನಲ್ಲಿ ಇದೇ ಮುಖ ಇಟ್ಟುಕೊಂಡು ತಿಂದು ಹೋದವನು ಹೂವಪ್ಪ, ಅದನ್ನು ಯೋಗರಾಜ ಒಂದು ದಿನವೂ ಗಮನಿಸಿದವನಲ್ಲ. ಈಗ ಮಾತ್ರ ಆ ಮುಖ ಓದಲು ಬಾರದ ಭಾಷೆಯ ಬೋರ್ಡಿನ ಹಾಗೆ ಎದುರಿಗೆ ನಿಂತಿತ್ತು. ಹೂವಪ್ಪ ಸಾಂಬಾರಿನ ಬಟ್ಟಲನ್ನು ಮೊಣಕೈಯಿಂದ ತುಸು ಆಚೆ ಸರಿಸಿ, ಇನ್ನೊಂದು ಚೂರು ಚಟ್ನಿ ಹಾಕಿ ಎಂದ. ಬೆಲ್ಲ ಇನ್ನೂ ಜಾಸ್ತಿಯೇ ಆಗಿದೆ, ನಾಳೆ ಇನ್ನಷ್ಟು ಕಡಿಮೆ ಮಾಡಿಸಬೇಕು ಎಂದುಕೊಂಡ ಯೋಗರಾಜ. ಚಟ್ನಿ ಹಾಕುವಾಗ ಕಣ್ಣು ಆ ಬಟ್ಟಲಿನ ಮೇಲೇ ಇದ್ದು ಒಂದಿಷ್ಟು ಮೇಜಿನ ಮೇಲೂ ಬಿತ್ತು.

ಇದೆಲ್ಲ ಸೋಮವಾರ ಬೆಳಗ್ಗೆ ಶುರುವಾದದ್ದು. ಮಗಳು ಬಿಂದು ಸಾಗರದ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಓದುತ್ತಾಳೆ. ದಸರಾ ರಜೆಗೆ ಬಂದಾಗ ಅವಳೇ ಹೋಟೆಲನ್ನು ಫೋನಿನ ಮ್ಯಾಪಿಗೆ ಏರಿಸಿ, ಗಲ್ಲಾದ ಪಕ್ಕದ ಗೋಡೆಗೆ ಕ್ಯೂಆರ್ ಕೋಡಿನ ಚೀಟಿ ಅಂಟಿಸಿ, ಊಟ ತಿಂಡಿ ಹೇಗಿತ್ತು ತಿಳಿಸಿ ಎಂದು ಕೆಳಗೆ ಬರೆದಿದ್ದಳು. ಊರಿನ ಹೆಸರು ನಗರ, ಇರುವುದು ಒಂದೇ ಬೀದಿ. ಹಳೆಯ ಕೋಟೆ ನೋಡಲು ಭಾನುವಾರ ಕಾರುಗಳು ಬರುತ್ತವೆ, ಆ ಕಾರಿನವರಿಗೆ ಮೊದಲು ಕಾಣುವುದು ಬಸ್‌ಸ್ಟ್ಯಾಂಡಿನ ಎದುರಿನ ಶಂಭುವಿನ ಹೋಟೆಲು. ಮ್ಯಾಪು ಬಂದ ಮೇಲೆ ಒಬ್ಬೊಬ್ಬರೇ ಶಂಭುವನ್ನು ದಾಟಿ ಇಲ್ಲಿಯವರೆಗೂ ಬರತೊಡಗಿದರು. ಎಂಟು ಮಂದಿ ಸ್ಟಾರು ಕೊಟ್ಟರು. ಏಳು ಜನ ಐದು, ಒಬ್ಬರು ನಾಲ್ಕು. ನಾಲ್ಕು ಪಾಯಿಂಟ್ ಒಂಬತ್ತು ಎಂಬ ಅಂಕೆ ಫೋನಿನಲ್ಲಿ ಹೊಳೆಯುವುದನ್ನು ಯೋಗರಾಜ ದಿನಕ್ಕೊಮ್ಮೆ ತೆಗೆದು ನೋಡುವನು, ದೇವರ ಫೋಟೋಕ್ಕೆ ಕೈ ಮುಗಿದ ಮೇಲೆ. ಶಾಲೆಯಲ್ಲಿ ಲೆಕ್ಕದ ಮಾಸ್ತರು ಅವನ ಸ್ಲೇಟನ್ನು ಇಡೀ ಕ್ಲಾಸಿಗೆ ಎತ್ತಿ ತೋರಿಸಿ ಇದಕ್ಕೆ ಎಷ್ಟು ಕೊಡೋಣ ಎಂದು ಕೇಳಿದ್ದರು, ಎಲ್ಲರೂ ಒಟ್ಟಿಗೆ ಸೊನ್ನೆ ಎಂದು ಕೂಗಿದ್ದರು. ಆ ಕೂಗಿಗೆ ಇಷ್ಟು ವರ್ಷಗಳ ಮೇಲೆ ಯಾರೋ ಬೆಂಗಳೂರಿನವರು, ದಾವಣಗೆರೆಯವರು ಉತ್ತರ ಕೊಟ್ಟ ಹಾಗಾಗಿತ್ತು. ಸೋಮವಾರ ಬೆಳಗ್ಗೆ ನೋಡಿದರೆ ನಾಲ್ಕು ಪಾಯಿಂಟ್ ನಾಲ್ಕು. ಒಂಬತ್ತನೆಯವರೊಬ್ಬರು ಒಂದೇ ಒಂದು ಸ್ಟಾರು ಕೊಟ್ಟು ಹೋಗಿದ್ದರು. ಒಂದು ಮಾತೂ ಬರೆದಿರಲಿಲ್ಲ. ಬೈದಿದ್ದರೂ ಆಗುತ್ತಿತ್ತು, ಏನು ತಪ್ಪಾಯಿತು ಎಂದಾದರೂ ತಿಳಿಯುತ್ತಿತ್ತು.

ಫೋನು ಮಾಡಿದಾಗ ಬಿಂದು ನಕ್ಕುಬಿಟ್ಟಿದ್ದಳು. ಅಪ್ಪಯ್ಯ, ಒಟ್ಟು ಒಂಬತ್ತೇ ಜನ, ಅದರಲ್ಲಿ ಒಬ್ಬ ಎಳೆದರೆ ಸರಾಸರಿ ಪೂರ್ತಿ ಜಗ್ಗುತ್ತದೆ, ತೊಂಬತ್ತು ಜನ ಬರೆದಿದ್ದರೆ ಈ ಒಂದು ಕಾಣುತ್ತಲೇ ಇರಲಿಲ್ಲ ಎಂದಳು. ಇನ್ನೂ ಏನೇನೋ ಹೇಳಿದಳು. ಬರೆಯುವವರು ಯಾರು, ಬಹಳ ಖುಷಿಯಾದವರು, ಇಲ್ಲ ಬಹಳ ಸಿಟ್ಟಾದವರು. ದಿನಾ ತಿನ್ನುವವರು ಯಾರಾದರೂ ಬರೆದಿದ್ದಾರಾ? ಮತ್ತೆ ಅದು ಯಾರ ಸರಾಸರಿ? ಯೋಗರಾಜ ಹೂಂಗುಟ್ಟಿದ. ಅವಳು ಹೇಳಿದ್ದು ಸರಿ ಎಂದು ತಲೆಗೆ ಗೊತ್ತಾಗುತ್ತಿತ್ತು, ಹೊಟ್ಟೆಗೆ ಗೊತ್ತಾಗುತ್ತಿರಲಿಲ್ಲ. ತೊಂಬತ್ತು ಜನರ ನಡುವೆ ನಿಂತು ಒಬ್ಬ ಉಗಿದರೆ ಉಗಿದದ್ದು ಉಗಿದದ್ದೇ ಅಲ್ಲವೇ? ಫೋನಿಟ್ಟ ಮೇಲೆ ಐದು ಕೊಟ್ಟವರು ಬರೆದದ್ದನ್ನೆಲ್ಲ ಮತ್ತೆ ಓದಿದ, ಸಮಾಧಾನಕ್ಕೆ. ಕಾರು ನಿಲ್ಲಿಸಲು ಹಲಸಿನ ಮರದ ಒಳ್ಳೆ ನೆರಳಿದೆ ಎಂದು ಒಬ್ಬರು ಬರೆದಿದ್ದರು. ಕೋಟೆ ತುಂಬ ಚೆನ್ನಾಗಿದೆ ಎಂದು ಇನ್ನೊಬ್ಬರು. ಐದು ಸ್ಟಾರು ಬಂದದ್ದು ಹಲಸಿನ ಮರಕ್ಕೆ, ಕೋಟೆ ಕಟ್ಟಿದ ಕೆಳದಿಯ ಅರಸರಿಗೆ. ತನ್ನ ಪಾಲಿಗೆ ಖಂಡಿತವಾಗಿ ಬಂದದ್ದು ಆ ಒಂದೇ ಎಂದು ಅನ್ನಿಸಿದ ಕ್ಷಣ ಅವನ ತಲೆಗೆ ಹುಳ ಹೊಕ್ಕಿತು.

ನಾಲ್ಕು ಕೊಟ್ಟಿದ್ದವರು ಸಾಂಬಾರು ಸ್ವಲ್ಪ ಸಿಹಿ ಎಂದಿದ್ದರು. ಐದು ಕೊಟ್ಟವರಲ್ಲೊಬ್ಬರು ಇನ್ನೂ ಖಾರ ಇರಬಹುದಿತ್ತು ಎಂದಿದ್ದರು. ಎರಡನ್ನೂ ಕೂಡಿಸಿ ಯೋಗರಾಜ ಒಂದು ತೀರ್ಮಾನಕ್ಕೆ ಬಂದು ಮಂಗಳವಾರ ಬೆಳಗ್ಗೆ ಒಲೆಯ ಮುಂದಿದ್ದ ಹೆಂಡತಿಗೆ ಹೇಳಿದ: ಬೆಲ್ಲ ಅರ್ಧ ಮಾಡು, ಮೆಣಸು ಒಂದೂವರೆ ಮಾಡು. ಶ್ಯಾಮಲಾ ಮಸಾಲೆ ಹುರಿಯುತ್ತಿದ್ದವಳು ಸೌಟು ಎತ್ತಿ ಹಿಡಿದು ಅವನನ್ನು ನೋಡಿದ್ದಳು. ಅವಳ ಸಾಂಬಾರು ಅವಳ ಅತ್ತೆಯಿಂದ ಬಂದದ್ದು. ಕೊತ್ತಂಬರಿ, ಮೆಂತೆ, ಒಂದು ಹಿಡಿ ಕಾಯಿತುರಿ ಹದವಾಗಿ ಹುರಿದು ಅಂದಂದೇ ರುಬ್ಬಿ, ಕೊನೆಗೆ ಲಿಂಬೆಗಾತ್ರದ ಬೆಲ್ಲ ಬಿಟ್ಟು ಒಂದು ಕುದಿ ಬಂದ ಕೂಡಲೇ ಇಳಿಸುವುದು. ಇದರಲ್ಲಿ ಅರ್ಧ, ಒಂದೂವರೆ ಎಂಬ ಮಾತು ಈ ಅಡುಗೆಮನೆಯಲ್ಲಿ ಹಿಂದೆ ಬಂದದ್ದೇ ಇರಲಿಲ್ಲ. ಮಾತಿಗೆ ಮಾತು ಬೆಳೆದು, ಭಾನುವಾರ ಸಾಗರದಿಂದ ಅಡುಗೆಯ ನಾರಾಯಣಮೂರ್ತಿಯನ್ನು ಬರಹೇಳಿದ್ದೇನೆ, ಕಾರಿನವರಿಗೆ ಬೇಕಾದ ಸಾಂಬಾರು ಮಾಡುವುದರಲ್ಲಿ ಅವನದು ಪಳಗಿದ ಕೈ ಎಂದು ಯೋಗರಾಜ ಅಂದುಬಿಟ್ಟ. ಅಂದ ಕೂಡಲೇ ನಾಲಿಗೆ ಕಚ್ಚಿಕೊಂಡರೂ ಮಾತು ಆಗಲೇ ಹೊರಗೆ ಬಿದ್ದಾಗಿತ್ತು. ಶ್ಯಾಮಲಾ ಕೂಗಾಡಲಿಲ್ಲ. "ಅವ್ರು ಬಂದ ದಿನದಿಂದ ನಾನು ಈ ಒಲೆ ಹತ್ರ ಬರೋದಿಲ್ಲ, ತಿಳೀತಾ" ಎಂದಷ್ಟೇ ಹೇಳಿ, ಅವನೆದುರಿಗೇ ಬೆಲ್ಲವನ್ನು ಚಾಕುವಿನಿಂದ ಸರಿಯಾಗಿ ಅರ್ಧ ಮಾಡಿ ಉಳಿದರ್ಧವನ್ನು ಗೂಡಿನಲ್ಲಿಟ್ಟಳು. ಅಂದಿನಿಂದ ಇಂದಿನ ಗುರುವಾರದವರೆಗೆ ಅವಳು ಅವನೊಡನೆ ಆಡಿದ್ದೆಲ್ಲ ಎರಡು ಪ್ಲೇಟು, ಮೂರು ಪ್ಲೇಟು ಎಂಬ ಮಾತು ಮಾತ್ರ. ಗೂಡಿನಲ್ಲಿದ್ದ ಆ ಅರ್ಧ ಬೆಲ್ಲವನ್ನು ನೋಡಿದಾಗಲೆಲ್ಲ ಅವನಿಗೆ ತಾನು ಏನನ್ನೋ ಕದ್ದ ಹಾಗೆ ಅನ್ನಿಸುತ್ತಿತ್ತು.

ಅಪ್ಪ ಜಟ್ಟಪ್ಪ ಇದ್ದಾಗ ಗಿರಾಕಿಯನ್ನು ಹೇಗಿದೆ ಎಂದು ಕೇಳುವುದೇ ಅಸಹ್ಯ ಎಂದುಕೊಂಡಿದ್ದರು. ತಿಂದವನ ಬಾಯಿಂದ ಹೊಗಳಿಕೆ ಹೊರಡಿಸುವುದು ಭಿಕ್ಷೆ ಬೇಡಿದ ಹಾಗೆ ಎನ್ನುವರು. ಊರಿನವರೂ ಹಾಗೇ, ಚೆನ್ನಾಗಿದೆ ಎಂದು ಹೇಳಿದರೆ ಎಲ್ಲಿ ಸವೆದುಹೋಗುತ್ತದೋ ಎಂಬಂತೆ ಸುಮ್ಮನೆ ತಿಂದು ಎದ್ದುಹೋಗುವರು. ತಪ್ಪು ಹೇಳುವುದಾದರೆ ಮಾತ್ರ ಬಾಯಿ ಬಿಡುವರು, ಅದೂ ಒಬ್ಬಿಬ್ಬರು. ಅವರಲ್ಲಿ ಮೊದಲನೆಯವರು ಚಂದ್ರಯ್ಯ. ಅಕ್ಕಿ ಗಿರಣಿಯಲ್ಲಿ ಇಡೀ ಆಯಸ್ಸು ಲೆಕ್ಕ ಬರೆಯುವ ರೈಟರಾಗಿದ್ದು ಈಗ ಮನೆಯಲ್ಲಿರುವ ಅವರು ಬೆಳಗ್ಗೆಯೂ ಸಂಜೆಯೂ ಮೂಲೆಯ ಬೆಂಚಿಗೆ ಬಂದೇ ಬರುವರು. ಈಗಲೂ ಯಾರಾದರೂ ಚೀಲ ಹೊತ್ತು ಹೋಗುತ್ತಿದ್ದರೆ ನಿಲ್ಲಿಸಿ, ಒಂದು ಹಿಡಿ ಅಕ್ಕಿ ಅಂಗೈಗೆ ಹಾಕಿಕೊಂಡು ಊದಿ ಇದು ಇಷ್ಟನೇ ನಂಬರ್ ಎಂದು ಹೇಳದೆ ಬಿಡುವವರಲ್ಲ. ಅಂಥ ಚಂದ್ರಯ್ಯ ಸೋಮವಾರದಿಂದ ಬಂದಿರಲಿಲ್ಲ. ಮೂಲೆಯ ಬೆಂಚು ಖಾಲಿ ಇತ್ತು. ಕಾರಿನವರೊಬ್ಬರು ಉಗಿದದ್ದು ಒಂದು ಲೆಕ್ಕ, ದಿನಾ ಬರುವವರು ಬಿಟ್ಟುಹೋಗುವುದು ಬೇರೆ ಲೆಕ್ಕ. ಎರಡೂ ಒಂದೇ ವಾರ ಆದದ್ದರಿಂದ ಎರಡಕ್ಕೂ ಕಾರಣ ಒಂದೇ ಎಂದು ಯೋಗರಾಜ ತಾನೇ ಗಂಟು ಹಾಕಿಕೊಂಡಿದ್ದ.

ಒಂದು ಸ್ಟಾರಿನ ಪಕ್ಕ ಹೆಸರಿನ ಜಾಗದಲ್ಲಿ ವಿಘ್ನೇಶ್ವರ ಮೊಬೈಲ್ಸ್ ಎಂದಿತ್ತು. ಅದು ಹೊಸನಗರದ ಅಂಗಡಿ. ವಿಘ್ನೇಶ್ವರ ಎಂಬಾತನೇ ಅದರ ಯಜಮಾನ. ಹೆಸರು ಕಂಡ ಕೂಡಲೇ ಯೋಗರಾಜನಿಗೆ ಹಳೆಯದೊಂದು ಭಾನುವಾರ ನೆನಪಾಗಿತ್ತು. ವಿಘ್ನೇಶ್ವರ ಹೆಂಡತಿ ಮಕ್ಕಳನ್ನು ಕರೆದುಕೊಂಡು ಬಂದು ಬನ್ಸ್ ಕೇಳಿದ್ದ. ಖಾಲಿ ಎಂದು ಯೋಗರಾಜ ತಲೆ ಎತ್ತದೆ ಹೇಳಿದ್ದ. ಹೇಳುತ್ತಿದ್ದಾಗಲೇ ಅವನ ಕೈಗಳು ಚಂದ್ರಯ್ಯನವರ ಮನೆಗೆಂದು ಬನ್ಸಿನ ಪೊಟ್ಟಣ ಕಟ್ಟುತ್ತಿದ್ದವು. ವಿಘ್ನೇಶ್ವರನ ಚಿಕ್ಕ ಮಗಳು ಪೊಟ್ಟಣವನ್ನೂ ನೋಡಿದಳು, ಅವನನ್ನೂ ನೋಡಿದಳು. ಮರೆತೇ ಹೋಗಿದ್ದ ಆ ನೋಟ ಈಗ ದಿನಕ್ಕೆ ಹತ್ತು ಸಲ ಬಂದು ಹೋಗುತ್ತಿತ್ತು. ಅದಕ್ಕೇ ಇವತ್ತು ಹೂವಪ್ಪ ಎದ್ದುಹೋದ ಮೇಲೆ, ಹೆಂಡತಿಗೆ ಕಾಯಿ ತರುತ್ತೇನೆಂದು ಹೇಳಿ, ಬಿಸಿ ಬನ್ಸನ್ನು ಬಾಳೆಲೆಯಲ್ಲಿ ಕಟ್ಟಿ ಮೇಲೊಂದು ಪೇಪರು ಸುತ್ತಿ, ಹತ್ತು ಗಂಟೆಯ ಬಸ್ಸು ಹತ್ತಿದ. ಹೋಗಿ ಏನು ಹೇಳುವುದೆಂದು ಗೊತ್ತಿರಲಿಲ್ಲ. ತೊಡೆಯ ಮೇಲೆ ಪೊಟ್ಟಣ ಬೆಚ್ಚಗಿತ್ತು.

ಬಸ್ಸಿನಲ್ಲಿ ಎದುರಿನ ಸೀಟಿನ ಬೆನ್ನಿಗೆ ಹಲ್ಲಿನ ಪುಡಿಯ ಜಾಹೀರಾತು ಅಂಟಿಸಿದ್ದರು. ಹತ್ತರಲ್ಲಿ ಒಂಬತ್ತು ದಂತವೈದ್ಯರ ಮೆಚ್ಚುಗೆ ಎಂದು ದೊಡ್ಡ ಅಕ್ಷರದಲ್ಲಿತ್ತು. ಬಿಳಿ ಕೋಟು ತೊಟ್ಟ ಒಂಬತ್ತು ಜನ ಸಾಲಾಗಿ ನಿಂತು ನಗುತ್ತಿದ್ದರು. ಯೋಗರಾಜನಿಗೆ ಕಾಡತೊಡಗಿದ್ದು ಫೋಟೋದಲ್ಲಿಲ್ಲದ ಹತ್ತನೆಯವನು. ಅವನೇಕೆ ಒಪ್ಪಲಿಲ್ಲ? ಪುಡಿಯ ರುಚಿ ಹಿಡಿಸಲಿಲ್ಲವೋ, ಅಂಗಡಿಯವನು ಚಿಲ್ಲರೆ ಸರಿಯಾಗಿ ಕೊಡಲಿಲ್ಲವೋ, ಇಲ್ಲ ಅವನ ಮಗಳು ಕೇಳಿದಾಗ ಖಾಲಿ ಎಂದು ಯಾರಾದರೂ ಹೇಳಿದರೋ? ಆ ಒಂಬತ್ತು ಜನರನ್ನು ಯಾರು ಆರಿಸಿದರು, ಹತ್ತೇ ಜನರನ್ನು ಕೇಳಿದ್ದೋ, ಹತ್ತು ಸಾವಿರವೋ ಎಂದು ಬಿಂದು ಇದ್ದಿದ್ದರೆ ಕೇಳುತ್ತಿದ್ದಳು. ಪಕ್ಕದವರು ಪೇಪರು ಬಿಡಿಸಿ ಹಿಡಿದಿದ್ದರು. ಅದರ ತುಂಬ ಶೇಕಡಾ ಇಷ್ಟು ಏರಿಕೆ, ಶೇಕಡಾ ಅಷ್ಟು ಇಳಿಕೆ. ಇಷ್ಟು ದಿನ ಕಣ್ಣಿಗೇ ಬೀಳದಿದ್ದ ಅಂಕೆಗಳೆಲ್ಲ ಈಗ ಒಂದೊಂದೂ ತನ್ನ ಹಿಂದೆ ಯಾರನ್ನೋ ಬಚ್ಚಿಟ್ಟುಕೊಂಡ ಹಾಗೆ ಕಾಣುತ್ತಿದ್ದವು. ಏರಿದ್ದು ಎಷ್ಟರಿಂದ, ಇಳಿದದ್ದು ಯಾರದು ಎಂದು ಅವನು ಒಳಗೊಳಗೇ ಕೇಳಿಕೊಂಡ. ಮಜವೆನಿಸಿತು. ನಾಲ್ಕು ದಿನದಲ್ಲಿ ಮೊದಲ ಸಲ ತನಗೆ ಮಜವೆನಿಸುತ್ತಿದೆ ಎಂದು ಅರಿವಾಗಿ, ಕೂಡಲೇ ಅದೂ ಒಂದು ತಪ್ಪೆನಿಸಿ ಪೊಟ್ಟಣವನ್ನು ನೆಟ್ಟಗೆ ಹಿಡಿದುಕೊಂಡ.

ವಿಘ್ನೇಶ್ವರನ ಅಂಗಡಿಯಲ್ಲಿ ಜನವೋ ಜನ. ಪೊಟ್ಟಣ ಹಿಡಿದು ಮೂಲೆಯಲ್ಲಿ ನಿಂತ ಯೋಗರಾಜನನ್ನು ಒಬ್ಬಳು ಹುಡುಗಿ ಎರಡು ಸಲ ಎಂತ ಬೇಕಿತ್ತು ಎಂದು ಕೇಳಿದಳು. ಏನೂ ಬೇಡ ಎಂದರೆ ಹೊರಗೆ ಕಳಿಸಿಬಿಟ್ಟಾಳೆಂದು ಒಂದು ಫೋನಿನ ಕವರು ಕೊಂಡ. ಕವರು ಅವನ ಫೋನಿಗೆ ಆಗುವುದಾಗಿರಲಿಲ್ಲ. ಕೊನೆಗೆ ಯಜಮಾನನೇ ಇತ್ತ ಬಂದಾಗ ಮಾತು ತೊದಲಿತು. ಅವತ್ತು ಬನ್ಸ್ ಖಾಲಿಯಾಗಿತ್ತು ನೋಡಿ, ಅದಕ್ಕೇ ತಂದೆ ಎಂದು ಪೊಟ್ಟಣ ಮುಂದೆ ಚಾಚಿದ. ವಿಘ್ನೇಶ್ವರ ಪೊಟ್ಟಣವನ್ನೂ ಇವನನ್ನೂ ಬದಲಿಸಿ ಬದಲಿಸಿ ನೋಡಿದ. ಅವನಿಗೆ ಬನ್ಸೂ ನೆನಪಿರಲಿಲ್ಲ, ಭಾನುವಾರವೂ ನೆನಪಿರಲಿಲ್ಲ, ಎದುರಿಗೆ ನಿಂತವನು ಯಾರೆಂದೂ ಸರಿಯಾಗಿ ಹೊಳೆದಿರಲಿಲ್ಲ. ಒಂದು ಕ್ಷಣ ಯೋಗರಾಜನಿಗೆ ಭೂಮಿ ಬಾಯಿ ಬಿಟ್ಟರೆ ಸಾಕೆನಿಸಿತು. ಯಾರದೋ ಮನಸ್ಸಿನಲ್ಲಿ ತಾನು ಕೆಟ್ಟವನಾಗಿ ಕೂತಿದ್ದೇನೆಂದು ಇಷ್ಟು ದಿನ ಬೆಂದದ್ದೇ ಬಂತು, ಅಲ್ಲಿ ತಾನು ಇರಲೇ ಇಲ್ಲ. ಅಷ್ಟರಲ್ಲಿ ವಿಘ್ನೇಶ್ವರ ಪೊಟ್ಟಣ ಬಿಚ್ಚಿ, ಕೌಂಟರಿನ ಹುಡುಗಿಯರನ್ನೂ ಕರೆದು, ತಾನೂ ಒಂದು ಬಾಯಿಗೆ ಹಾಕಿಕೊಂಡು ಇನ್ನೊಂದಕ್ಕೆ ಕೈ ಹಾಕಿಯಾಗಿತ್ತು. ಬಾಯಿ ತುಂಬಿಕೊಂಡೇ ಆ ಸ್ಟಾರಿನ ವಿಷಯ ಕೇಳಿಸಿಕೊಂಡ. ತಾನು ಯಾರಿಗೂ ಸ್ಟಾರು ಕೊಟ್ಟವನಲ್ಲ ಎಂದ. ವಯಸ್ಸಾದವರು ಪಾಸ್‌ವರ್ಡು ಮರೆತು ವಾರಕ್ಕೊಮ್ಮೆ ಬಂದು ತಲೆ ತಿನ್ನುತ್ತಾರೆ, ಅದಕ್ಕೆ ಎಲ್ಲ ಮುದುಕರ ಫೋನಿಗೂ ಅಂಗಡಿ ಹೆಸರಿನಲ್ಲೇ ಖಾತೆ ಮಾಡಿಕೊಡುತ್ತೇನೆ ಎಂದ. "ನಿಮ್ಮ ನಗರದ ಕಡೆಯೋರೇ ಸುಮಾರು ಜನ ಅದಾರೆ. ಅವ್ರಲ್ಲೇ ಯಾರೋ ಒಬ್ರು ಕೊಟ್ಟಿರ್ಬೇಕು ನೋಡಿ" ಎಂದು ಬೆರಳು ಚೀಪಿದ.

ವಾಪಸು ಬರುವ ಬಸ್ಸಿನಲ್ಲಿ ಕಾಯಿ ಚೀಲವನ್ನು ಕಾಲ ಬಳಿ ಇಟ್ಟುಕೊಂಡು ಯೋಗರಾಜ ಹೊರಗೆ ನೋಡುತ್ತಿದ್ದ. ಕಾರಿನವರಲ್ಲ. ನಮ್ಮವರು. ದಿನಾ ತಿನ್ನುವವರು ಯಾರಾದರೂ ಬರೆದಿದ್ದಾರಾ ಎಂದು ಬಿಂದು ಕೇಳಿದ್ದಳಲ್ಲ, ಬರೆದಿದ್ದಾರೆ ಮಗಳೇ, ಒಬ್ಬರು ಬರೆದಿದ್ದಾರೆ. ಮರದ ನೆರಳಿಗೆ ಬೆಲೆ ಕಟ್ಟುವವರ ಮಾತನ್ನು ಬಿಡಬಹುದು. ತನ್ನ ಬೆಂಚಿನ ಮೇಲೆ ಕೂತು, ತನ್ನ ಅಪ್ಪನ ಕಾಲದಿಂದ ತಿಂದು, ಮೀಸೆ ಒರೆಸಿಕೊಂಡು ಎದ್ದುಹೋಗುವ ಒಬ್ಬರು ಮನಸ್ಸಿನಲ್ಲಿ ಇಷ್ಟು ದಿನವೂ ಒಂದು ಎಂದುಕೊಂಡಿದ್ದರೇ? ಎದುರಿಗೆ ಬೈಯಬಹುದಿತ್ತು. ಬೈಯದೆ ಗೋಡೆಗೆ ಮುಖ ಮಾಡಿ ಒತ್ತಿ ಹೋದರು. ಹೂವಪ್ಪನೇ? ಬಟ್ಟಲು ಸರಿಸಿದನಲ್ಲ. ಪೋಸ್ಟಾಫೀಸಿನಲ್ಲಿದ್ದ ಪೂರ್ಣೇಶನೇ? ಚಂದ್ರಯ್ಯನವರ ಹೆಸರು ಬಂದಾಗ ಮನಸ್ಸು ಅದನ್ನು ಮುಟ್ಟದೆ ದಾಟಿತು, ಮತ್ತೆ ಹಿಂದಕ್ಕೆ ಬಂತು. ಅಪ್ಪ ತೀರಿಕೊಂಡ ವಾರ ಹೋಟೆಲು ತೆಗೆಯಲು ಧೈರ್ಯವಾಗದೆ ಮನೆಯೊಳಗೆ ಕೂತಿದ್ದಾಗ ಬೆಳಗ್ಗೆ ಬೆಳಗ್ಗೆ ಬಂದು ಬಾಗಿಲು ಬಡಿದು, ನನಗೆ ಹಸಿವಾಗಿದೆ ಎಂದಷ್ಟೇ ಹೇಳಿ ಮೂಲೆಯ ಬೆಂಚಿನಲ್ಲಿ ಕೂತವರು ಅವರು. ಅವರಾಗಿದ್ದರೆ ನಾರಾಯಣಮೂರ್ತಿ ಬರಲಿ, ಮಂಚೂರಿಯೇ ಮಾಡಲಿ, ತನಗೇನೂ ಉಳಿದಿಲ್ಲ ಎಂದುಕೊಂಡ. ಕಣ್ಣು ತುಂಬಿತು, ಪಕ್ಕದವರು ನೋಡಿಯಾರೆಂದು ಹೊಸ ಫೋನ್ ಕವರನ್ನು ತಿರುಗಿಸಿ ತಿರುಗಿಸಿ ನೋಡಿದ.

ಸಂಜೆ ನಾಲ್ಕರ ಹೊತ್ತಿಗೆ ಮೂಲೆಯ ಬೆಂಚಿನಲ್ಲಿ ಚಂದ್ರಯ್ಯ ಕೂತಿದ್ದರು. ಬಿಳಿ ಪಂಚೆ, ಹೆಗಲ ಮೇಲೆ ಟವೆಲು, ಎಂದಿನ ಹಾಗೆ. ಮಗಳ ಮನೆಗೆ ತೀರ್ಥಹಳ್ಳಿಗೆ ಹೋಗಿದ್ದರಂತೆ, ಮಧ್ಯಾಹ್ನದ ಬಸ್ಸಿಗೆ ಬಂದರಂತೆ. ಅದನ್ನು ಯಾರೋ ಯಾರಿಗೋ ಹೇಳುವುದು ಕಿವಿಗೆ ಬಿದ್ದಾಗ ಯೋಗರಾಜನಿಗೆ ತಾನು ಹಾಕಿಕೊಂಡಿದ್ದ ಗಂಟುಗಳಲ್ಲಿ ಒಂದು ಸಡಿಲವಾದ ಹಾಗಾಯಿತು. ಆದರೂ ಗಲ್ಲಾದಿಂದ ಏಳಲಿಲ್ಲ. ಶ್ಯಾಮಲಾಳೇ ಇಡ್ಲಿ ಸಾಂಬಾರು ತಂದಿಟ್ಟು ಹೋದಳು. ಅವರು ಮೊದಲ ತುತ್ತು ಬಾಯಿಗಿಟ್ಟದ್ದನ್ನು ಅವನು ಗಂಟೆ ನೋಡುವ ನೆಪದಲ್ಲಿ ಗೋಡೆ ಗಡಿಯಾರದ ಗಾಜಿನಲ್ಲಿ ನೋಡಿದ. ಅಗಿಯುವುದು ನಿಂತಿತು. ಅವರು ಬಟ್ಟಲನ್ನೆತ್ತಿ ಮೂಸಿದರು, ಕಿಟಕಿಯ ಬೆಳಕಿಗೆ ಹಿಡಿದರು, ಅಕ್ಕಿಯನ್ನು ನೋಡುತ್ತಿದ್ದ ಹಾಗೆಯೇ ಬೆರಳ ತುದಿಗೆ ಒಂದು ಹನಿ ಹಚ್ಚಿಕೊಂಡು ನಾಲಿಗೆಗಿಟ್ಟರು. ಹೋಟೆಲು ಪೂರ್ತಿ ಕೇಳುವ ಹಾಗೆ ಕರೆದರು.

"ಎಂತ ಮಾಡ್ಕಂಡಿದೀಯ ಮಾರಾಯ ಸಾಂಬಾರ್ನ? ನಾನು ಊರಲ್ಲಿಲ್ದಿದ್ದು ನಾಲ್ಕು ದಿನ, ಅಷ್ಟ್ರಲ್ಲಿ ಹಿಂಗಾ? ಇವತ್ತಿಂದಕ್ಕೆ ಐದು ಕೊಡ್ಬೇಕು ನೋಡು."

ಐದು ಎಂಬ ಶಬ್ದ ಮಾತ್ರ ಯೋಗರಾಜನ ಕಿವಿಗೆ ಬಿತ್ತು. ಎದ್ದು ಹತ್ತಿರ ಬಂದವನ ಮುಖ ಅಗಲವಾಗಿತ್ತು. ಐದಾ ಎಂದು ಕೇಳಿದ. "ಐದೇ. ಅದೂ ದಾಕ್ಷಿಣ್ಯಕ್ಕೆ. ಆರಿದ್ರೆ ಆರೇ ಕೊಡ್ತಿದ್ದೆ" ಎಂದರು ಚಂದ್ರಯ್ಯ, ಬಟ್ಟಲನ್ನು ದೂರ ತಳ್ಳುತ್ತ. ತಳ್ಳಿದ ಬಟ್ಟಲಿಗೂ ಆರು ಎಂಬ ಅಂಕೆಗೂ ಯೋಗರಾಜನಿಗೆ ತಾಳೆಯಾಗಲಿಲ್ಲ. "ಹೋದ ಭಾನುವಾರ ಒಂದು ಕೊಟ್ಟಿದ್ನಲ್ಲ ನಿಂಗೆ, ಕಂಡಿಲ್ವಾ? ನಿನ್ನ ಮಗಳು ಅಂಟಿಸಿದ ಚೀಟಿಗೆ ಫೋನ್ ಹಿಡ್ದು ನಾನೇ ಒತ್ತಿದ್ದು. ಒಂದನೇ ನಂಬರ್. ಕೊಟ್ಟ ವಾರದಲ್ಲೇ ಹಾಳ್ಮಾಡ್ಕಂಡ್ಯಲ್ಲ."

ಕೆಲವು ಮಾತುಗಳು ಕಿವಿಗೆ ಬಿದ್ದ ಮೇಲೂ ಒಳಗೆ ಹೋಗಲು ಸಮಯ ತೆಗೆದುಕೊಳ್ಳುತ್ತವೆ. ಚಂದ್ರಯ್ಯ ಹೇಳುತ್ತಲೇ ಇದ್ದರು. ಗಿರಣಿಯಲ್ಲಿ ಒಂದನೇ ನಂಬರ್ ಅಂದರೆ ಮದುವೆ ಮನೆಯ ಅಕ್ಕಿ, ಎರಡು ಮನೆ ಊಟಕ್ಕೆ, ಮೂರು ದೋಸೆಗೆ, ನಾಲ್ಕು ಕೋಳಿಗೆ ಹಾಕುವ ನುಚ್ಚು, ಐದು ದನಕ್ಕೆ ಹಾಕುವ ತೌಡು. ಇಷ್ಟು ಸಾಲಾಗಿ ಐದು ಸ್ಟಾರು ಇಟ್ಟಿದ್ದು ಬೇರೆ ಯಾತಕ್ಕೆ? ಬರುವ ದಾರಿಯಲ್ಲಿ ಶಂಭುವಿನ ಹೋಟೆಲಿಗೂ ಹೊಕ್ಕು ಒಂದು ಕಾಫಿ ಕುಡಿದು ಅವನಿಗೂ ಒತ್ತಿ ಬಂದಿದ್ದರಂತೆ, ಐದೂ ಪೂರ್ತಿ. ಹಾಲು ನೀರು ಮಾಡುವವನಿಗೆ ತಕ್ಕ ಶಾಸ್ತಿ ಎಂದು ಅವರು ಟವೆಲಿನಲ್ಲಿ ಕೈ ಒರೆಸಿಕೊಂಡರು. ಆಚೆ ಬೆಂಚಿನಲ್ಲಿ ಸಂಜೆಯ ಕಾಫಿಗೆ ಬಂದಿದ್ದ ಹೂವಪ್ಪ, ಹೌದು, ಮಂಗಳವಾರದಿಂದ ಸಾಂಬಾರು ಬಾಯಿಗಿಡುವ ಹಾಗಿಲ್ಲ, ಮನೆಯಲ್ಲಿ ಏನೋ ಜಗಳವಾಗಿರಬೇಕೆಂದು ಸುಮ್ಮನಿದ್ದೆ ಎಂದ. ಅಷ್ಟು ಉದ್ದದ ಮಾತನ್ನು ಅವನ ಬಾಯಲ್ಲಿ ಯೋಗರಾಜ ಕೇಳಿದ್ದು ಅದೇ ಮೊದಲು.

ಯೋಗರಾಜನಿಗೆ ಒಳಗೆಲ್ಲೋ ನಗು ಹುಟ್ಟಿತು, ಹುಟ್ಟಿದ್ದು ಹೊರಗೆ ಬಾರದೆ ಮೈಯೆಲ್ಲ ಸುತ್ತಿತು. ಅವನು ಚಂದ್ರಯ್ಯನವರ ಮೊಣಕಾಲಿನ ಬಳಿ ನೆಲದ ಮೇಲೆಯೇ ಕೂತುಬಿಟ್ಟ. ಅಂಕೆ ಅಲ್ಲೇ ಇತ್ತು, ಒಂದು. ಅದನ್ನು ಅವನು ನಾಲ್ಕು ದಿನ ಹೊತ್ತು ತಿರುಗಿದ್ದ, ಬಸ್ಸು ಹತ್ತಿಸಿದ್ದ, ಅದಕ್ಕೆ ಬನ್ಸ್ ತಿನ್ನಿಸಿದ್ದ, ಅದರ ಮಾತು ಕೇಳಿ ಹೆಂಡತಿಯ ಕೈಯ ಬೆಲ್ಲ ಕಿತ್ತುಕೊಂಡಿದ್ದ. ಕೊಟ್ಟ ಕೈ ಯಾವುದು, ಯಾವ ತುದಿಯಿಂದ ಅಳೆದದ್ದು ಎಂದು ಅದು ಹೇಳಿರಲಿಲ್ಲ, ಇವನೂ ಕೇಳಿರಲಿಲ್ಲ. ಆ ಹತ್ತನೆಯ ದಂತವೈದ್ಯನ ಕತೆಯೂ ಏನೋ ಇಂಥದ್ದೇ ಇರಬೇಕು, ಪಾಪ, ಅವನು ದಿನಾ ಅದೇ ಪುಡಿಯಲ್ಲಿ ಹಲ್ಲುಜ್ಜುತ್ತಿರಬಹುದು ಎನಿಸಿ ನಗು ಉಕ್ಕಿ ಬಂತು. ಚಂದ್ರಯ್ಯ ಗಾಬರಿಯಾಗಿ, ಇವನಿಗೆ ನೀರು ಕೊಡಿ ಎಂದರು. ಬೈಸಿಕೊಂಡು ಇಷ್ಟು ಸುಖ ಪಟ್ಟವನನ್ನು ಅವರು ನೋಡಿರಲಿಲ್ಲ.

ಅಡುಗೆಮನೆಯಲ್ಲಿ ಶ್ಯಾಮಲಾ ಬೆನ್ನು ಹಾಕಿ ನಿಂತು ಬಟ್ಟಲು ತೊಳೆಯುತ್ತಿದ್ದಳು. ಇವತ್ತಿನ ಸಾಂಬಾರಿಗೆ ಐದು ಬಂತು ಎಂದ ಯೋಗರಾಜ. ಹಾಗಾದರೆ ನಾರಾಯಣಮೂರ್ತಿಗೆ ಖುಷಿಯಾದೀತು ಎಂದಳು ಅವಳು, ತಿರುಗದೆ. ಅವನು ಕಾಯಿ ಚೀಲ ಕೆಳಗಿಟ್ಟು, ಒಂದನೇ ನಂಬರಿನಿಂದ ತೌಡಿನವರೆಗೆ ಎಲ್ಲ ಹೇಳಿದ, ವಿಘ್ನೇಶ್ವರನ ಅಂಗಡಿಯಲ್ಲಿ ಆದದ್ದನ್ನೂ ಬಿಡದೆ ಹೇಳಿದ, ಆಗದ ಫೋನ್ ಕವರು ತೆಗೆದು ತೋರಿಸಿದ. ಹೇಳುತ್ತಾ ಹೋದಂತೆ ಅವಳ ಭುಜ ಅಲುಗತೊಡಗಿತು. ಅಳುತ್ತಿದ್ದಾಳೆಂದು ಹೆದರಿ ಮುಂದೆ ಬಂದು ನೋಡಿದರೆ, ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು. ನಗುತ್ತಲೇ ಮಣೆಯ ಮೇಲೆ ಕೂತಳು. ಕಣ್ಣು ಒರೆಸಿಕೊಂಡ ಮೇಲೆ ಅವನನ್ನು ಚೆನ್ನಾಗಿ ನೋಡಿ ಹೇಳಿದಳು:

"ಹಂಗಾದ್ರೆ ಆ ಒಂದು ನಂದು. ಇವತ್ತಿನ ಐದು ನಿಮ್ದು."

ತನ್ನದೇ ಎಂದು ಯೋಗರಾಜ ಒಪ್ಪಿಕೊಂಡ. ಅವಳಿಗೆ ನೋವು ಮಾಡಿದೆ ಎಂದು ಹೇಳಬೇಕೆಂದಿದ್ದ, ಅದನ್ನೂ ಹೇಳಿದ, ನಾಲ್ಕು ಮಾತಿನಲ್ಲಿ, ತಲೆ ತಗ್ಗಿಸಿ. ಅವಳು ಹೂಂ ಎಂದಳು. ಆಮೇಲೆ ಎದ್ದು ಗೂಡಿನಲ್ಲಿದ್ದ ಅರ್ಧ ಬೆಲ್ಲವನ್ನು ತೆಗೆದು ಸಂಜೆಯ ಪಾತ್ರೆಗೆ ಹಾಕಿದಳು. ಅವನು ಅಲ್ಲೇ ನಿಂತು ನಾರಾಯಣಮೂರ್ತಿಗೆ ಫೋನು ಮಾಡಿ ಭಾನುವಾರ ಬರುವುದು ಬೇಡವೆಂದು ತಿಳಿಸಿದ. ಯಾಕೆ ಎಂದು ಆ ಕಡೆಯಿಂದ ಕೇಳಿದ್ದಕ್ಕೆ, ಮನೆಯವಳಿಗೆ ಫಸ್ಟ್ ಬಂದಿದೆ ಎಂದ. ಸಾಂಬಾರು ಕುದಿಯುವ ವಾಸನೆ ಅಡುಗೆಮನೆ ದಾಟಿ ಬೆಂಚುಗಳವರೆಗೆ ಹೋಯಿತು.

ಬಿಂದು ಶನಿವಾರ ಬಂದವಳು ಕತೆ ಕೇಳಿ ಕ್ಲಾಸಿನಲ್ಲಿ ಹೇಳುತ್ತೇನೆ ಎಂದು ಕುಣಿದಳು. ಅಳತೆ ಎಲ್ಲಿಂದ ಎಲ್ಲಿಗೆ ಎಂದು ಚೀಟಿಯ ಮೇಲೆ ಬರೆಯದೆ ಇದ್ದದ್ದು ನನ್ನದೇ ತಪ್ಪು, ಚಂದ್ರಯ್ಯಜ್ಜನ ಫೋನಿನಲ್ಲಿ ಅದನ್ನು ಈಗಲೇ ಐದು ಮಾಡಿಬಿಟ್ಟರೆ ಹೋಟೆಲಿನದು ಮತ್ತೆ ನಾಲ್ಕು ಪಾಯಿಂಟ್ ಒಂಬತ್ತಾಗುತ್ತದೆ ಎಂದು ಹೊರಟೇ ನಿಂತಳು. ಯೋಗರಾಜ ಬಿಡಲಿಲ್ಲ. ತಮ್ಮ ಕೈಯಿಂದಲೇ ತೌಡಿನ ನಂಬರ್ ಒತ್ತಿಸಿದರೆಂದು ಚಂದ್ರಯ್ಯ ಏನೆಂದುಕೊಂಡಾರು? ಅಲ್ಲದೆ ಇಷ್ಟು ವರ್ಷದಲ್ಲಿ ಈ ಊರಿನವರೊಬ್ಬರು ಈ ಹೋಟೆಲಿನ ಬಗ್ಗೆ ಒಳ್ಳೆಯ ಮಾತು ಹೇಳಿದ್ದು ಅದೊಂದೇ ಸಲ. ಅದನ್ನು ತಿದ್ದಲು ಅವನಿಗೆ ಮನಸ್ಸಿರಲಿಲ್ಲ. "ಅದು ಹಂಗೇ ಇರ್ಲಿ ಮಗಾ" ಎಂದ. ಆದರೂ ಬಿಂದು ಚೀಟಿಯ ಕೆಳಗೆ, ಐದು ಎಂದರೆ ಬಹಳ ಚೆನ್ನಾಗಿದೆ ಎಂದು ಪೆನ್ನಿನಲ್ಲಿ ಬರೆದಳು. ಅದನ್ನೋದಿದ ಚಂದ್ರಯ್ಯ, ಇದು ಗಿರಣಿ ಗೊತ್ತಿಲ್ಲದವರ ಲೆಕ್ಕ ಎಂದು ತಲೆಯಲ್ಲಾಡಿಸಿದರು.

ಭಾನುವಾರ ಕಾರುಗಳು ಬಂದವು. ಬೆಂಗಳೂರಿನ ಕಡೆಯ ಒಂದು ಸಂಸಾರ ಹಲಸಿನ ಮರದ ಕೆಳಗೆ ಕಾರು ನಿಲ್ಲಿಸಿ ಒಳಗೆ ಬಂದಿತು. ಯಜಮಾನ ತಿಂಡಿ ಹೇಳುವ ಮುಂಚೆ ಫೋನು ತೆಗೆದು ಸ್ಟಾರುಗಳನ್ನು ಮೇಲಿಂದ ಕೆಳಗೆ ಸರಿಸಿ ಓದಿದ. ಅವನ ಹುಬ್ಬು ಗಂಟಿಕ್ಕಿದ್ದನ್ನು ಯೋಗರಾಜ ಗಲ್ಲಾದಿಂದಲೇ ನೋಡಿದ, ಯಾವ ಸಾಲಿಗೆ ಬಂದಿದ್ದಾನೆಂದೂ ತಿಳಿಯಿತು. ಇಲ್ಲಿ ಯಾರೋ ಒಂದೇ ಸ್ಟಾರು ಕೊಟ್ಟಿದ್ದಾರಲ್ಲ, ಏನಾಗಿತ್ತು ಎಂದು ಆತ ಸ್ವಲ್ಪ ಸಂಕೋಚದಿಂದಲೇ ಕೇಳಿದ. ಅಡುಗೆಮನೆಯ ಬಾಗಿಲಲ್ಲಿ ಶ್ಯಾಮಲಾ ಸೌಟು ಹಿಡಿದು ನಿಂತಿದ್ದಳು. ಯೋಗರಾಜ ನಕ್ಕು, ಮೂಲೆಯ ಬೆಂಚಿನ ಕಡೆ ಕೈ ತೋರಿಸಿದ. ಅಲ್ಲಿ ಚಂದ್ರಯ್ಯ ಎರಡನೇ ಸಲ ಹಾಕಿಸಿಕೊಂಡ ಸಾಂಬಾರಿನಲ್ಲಿ ಇಡ್ಲಿಯನ್ನು ಪೂರ್ತಿ ಮುಳುಗಿಸುತ್ತಿದ್ದರು.

"ಅಗಾ, ಅವ್ರೇ ಕೊಟ್ಟಿದ್ದು. ದಿನಾ ಬರ್ತಾರೆ."